ದಾರಿಯ ಹಾಡು, ಕಿವಿಯ ಪಾಡು



ಪ್ಲಸ್ ಟು ಮುಗಿಸಿ ಮಂಗಳೂರಿನ ಕಾಲೇಜಿಗೆ ಸೇರುವ ತಮ್ಮ ತಂಗಿಯರು ಪ್ರತಿ ವರ್ಷ ನಮ್ಮನ್ನು ಕೇಳುವ ಪ್ರಶ್ನೆಗಳು ಮೂರು. ಬಸ್ಸು ಒಳ್ಳೆಯದೋ ರೈಲು ಒಳ್ಳೆಯದೋ? ಸೀಸನ್ ಟಿಕೆಟ್ ಮಾಡಿಸಲು ಏನೇನು ಬೇಕು? ಯಾವ ಹೆಡ್‌ಫೋನ್ ತೆಗೆದುಕೊಳ್ಳಲಿ? ಮೊದಲಿನ ಎರಡಕ್ಕೆ ಉತ್ತರ ಒಂದೆರಡು ವಾಕ್ಯದಲ್ಲಿ ಮುಗಿಯುತ್ತದೆ. ಮೂರನೆಯದಕ್ಕೆ ಮಾತ್ರ ಕೂತು ಮಾತಾಡಬೇಕು. ಆ ಮಾತನ್ನೇ ಈ ಸಲ ಇಲ್ಲಿ ಬರೆಯುತ್ತಿದ್ದೇವೆ.

ನಾವು ಎಂದರೆ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯಿಂದ ದಿನವೂ ಗಡಿ ದಾಟಿ ಮಂಗಳೂರಿಗೆ ಹೋಗಿ ಬರುವ ಐದು ಜನ. ಇಬ್ಬರು ಓದುವವರು, ಮೂವರು ಕೆಲಸಕ್ಕೆ ಹೋಗುವವರು. ಭಾನುವಾರ ಐವರೂ ಒಂದೇ ಗಾಯನ ಮಂಡಳಿಯಲ್ಲಿ ನಿಲ್ಲುತ್ತೇವೆ. ಮನೆಯಿಂದ ಹೊರಟು ಮಂಗಳೂರು ಮುಟ್ಟಲು ಸುಮಾರು ಒಂದೂಕಾಲು ಗಂಟೆ, ಸಂಜೆ ಮತ್ತೆ ಅಷ್ಟೇ. ವಾರಕ್ಕೆ ಆರು ದಿನ ಲೆಕ್ಕ ಹಾಕಿದರೆ 15 ಗಂಟೆ ದಾರಿಯಲ್ಲೇ ಕಳೆಯುತ್ತದೆ. ಈ 15 ಗಂಟೆಯಲ್ಲಿ ನಾವು ಕೇಳುವ ಹಾಡುಗಳಷ್ಟು ವಾರದ ಬೇರೆ ಯಾವ ಹೊತ್ತಿನಲ್ಲೂ ಕೇಳುವುದಿಲ್ಲ.

ನಮ್ಮ ಊರಿನವರ ಫೋನು ತೆರೆದು ನೋಡಿದರೆ ಹಾಡುಗಳ ಪಟ್ಟಿಯೇ ಒಂದು ಸಂತೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಸುಮ್ಮನೆ ಕರೆದದ್ದಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ಹಾಡೂ ಹಾಗೆಯೇ. ನಮ್ಮ ಅಮ್ಮಂದಿರ ಕಾಲದಿಂದ ಮನೆಯಲ್ಲಿ ಕೇಳಿಬಂದ ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳು, ಯೇಸುದಾಸ್ ಅವರ ಮಲಯಾಳ ಚಿತ್ರಗೀತೆಗಳು, ಸಿ. ಅಶ್ವತ್ಥ್ ಅವರ ಭಾವಗೀತೆಗಳು, ಹೊಸ ತುಳು ಸಿನಿಮಾದ ಹಾಡುಗಳು. ಕುಂಬಳೆ ಪಾರ್ತಿಸುಬ್ಬನ ಊರು, ಆದ್ದರಿಂದ ಯಕ್ಷಗಾನ ಇಲ್ಲದೆ ಪಟ್ಟಿ ಪೂರ್ತಿಯಾಗುವುದಿಲ್ಲ. ಪಕ್ಕದ ಮೊಗ್ರಾಲ್ ಮಾಪ್ಪಿಳ ಪಾಟ್ಟಿಗೆ ಹೆಸರಾದ ಊರು, ಅದೂ ಉಂಟು. ಇವೆಲ್ಲದರ ನಡುವೆ ನಮ್ಮದೇ ಗಾಯನ ಮಂಡಳಿಯ ಅಭ್ಯಾಸದ ರೆಕಾರ್ಡಿಂಗ್. ಬರುವ ಭಾನುವಾರದ ಹಾಡಿನ ನಾಲ್ಕು ಸ್ವರಭಾಗಗಳನ್ನು ರೈಲಿನಲ್ಲೇ ಕಲಿಯುವುದು ನಮಗೆ ರೂಢಿ.

ಹೀಗಿರುವಾಗ "ಯಾವುದು ಬೆಸ್ಟ್?" ಎಂದು ಕೇಳಿದರೆ ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಮೊದಲು ಕಿವಿಯ ವಿಷಯ ಹೇಳಬೇಕು.

ನಮ್ಮ ಐವರಲ್ಲಿ ಒಬ್ಬಳಿಗೆ ಚಿಕ್ಕಂದಿನಿಂದಲೂ ಎಡಗಿವಿ ಕೇಳುವುದಿಲ್ಲ. ಬಲಗಿವಿ ಚೆನ್ನಾಗಿದೆ. ಮಂಡಳಿಯಲ್ಲಿ ಆಲ್ಟೊ ಹಾಡುವವಳು ಅವಳೇ. ನಮ್ಮೆಲ್ಲರಿಗಿಂತ ಶ್ರುತಿ ಗಟ್ಟಿ. "ನಿಮಗೆ ಒಂದು ಹೋದರೆ ಇನ್ನೊಂದು ಉಂಟು, ನನಗೆ ಸ್ಪೇರ್ ಇಲ್ಲ" ಎಂದು ಅವಳು ನಗುತ್ತಾ ಹೇಳುವ ಮಾತು ನಮ್ಮ ಇಡೀ ಹುಡುಕಾಟದ ಬುಡದಲ್ಲಿತ್ತು. ಒಳಕಿವಿಯಲ್ಲಿ ಶಬ್ದವನ್ನು ಹಿಡಿಯುವ ಕೂದಲಿನಂಥ ಕೋಶಗಳು ಹುಟ್ಟುವಾಗ ಸುಮಾರು 16,000 ಇರುತ್ತವೆ. ಹೆಚ್ಚು ಸದ್ದಿಗೆ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಸ್ವಲ್ಪ ಸ್ವಲ್ಪವೇ ಹೋಗುವುದರಿಂದ ಹೋದದ್ದು ಗೊತ್ತಾಗುವುದೂ ಇಲ್ಲ. ಅವಳಿಗೆ ಸರಿಯಾದದ್ದು ನಮ್ಮೆಲ್ಲರಿಗೂ ಸರಿ ಎಂದುಕೊಂಡು ಹೊರಟೆವು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಹೀಗಿದೆ: 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ 75 ಡೆಸಿಬಲ್‌ನಲ್ಲಿ 40 ಗಂಟೆ. ಸದ್ದು 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 90ಕ್ಕೆ 4 ಗಂಟೆ. 100 ಡೆಸಿಬಲ್ ಆದರೆ ಇಡೀ ವಾರಕ್ಕೆ ಬರೀ 20 ನಿಮಿಷ. ನಮ್ಮ 15 ಗಂಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 83ರಲ್ಲಿ ಕೇಳಿದರೆ ವಾರ ಸುಖವಾಗಿ ಮುಗಿಯುತ್ತದೆ. 86ರಲ್ಲಿ ಕೇಳಿದರೆ ಗುರುವಾರ ಸಂಜೆ ಮನೆ ಮುಟ್ಟುವಾಗಲೇ ವಾರದ ಪಾಲು ಖಾಲಿ. ಫೋನಿನ ವಾಲ್ಯೂಮ್ ಗುಂಡಿಯನ್ನು ಒಂದೆರಡು ಸಲ ಒತ್ತಿದರೆ ಸಾಕು, ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ.

ಆ ಗುಂಡಿಯನ್ನು ಯಾಕೆ ಒತ್ತುತ್ತೇವೆ? ಹಾಡು ಕೇಳುವುದಿಲ್ಲ ಎಂದು. ಹಾಡು ಯಾಕೆ ಕೇಳುವುದಿಲ್ಲ? ಬಸ್ಸಿನ ಎಂಜಿನ್, ತಲಪಾಡಿ ದಾಟಿದ ಮೇಲೆ ಬಿಡದ ಹಾರ್ನ್, ಕಿಟಕಿಯ ಗಾಜಿನ ಗಡಗಡ, ರೈಲಾದರೆ ನೇತ್ರಾವತಿ ಸೇತುವೆಯ ಮೇಲಿನ ಸದ್ದು. ಮನೆಯ ಜಗಲಿಯಲ್ಲಿ ಸಾಕಾಗುವ ವಾಲ್ಯೂಮು ದಾರಿಯಲ್ಲಿ ಸಾಕಾಗುವುದಿಲ್ಲ. ಆದ್ದರಿಂದ ಪ್ರಯಾಣಕ್ಕೆ ಹೆಡ್‌ಫೋನ್ ಆರಿಸುವಾಗ ಮೊದಲ ಪ್ರಶ್ನೆ "ಎಷ್ಟು ಜೋರಾಗಿ ಹಾಡುತ್ತದೆ" ಎಂಬುದಲ್ಲ. "ಎಷ್ಟು ಮೆಲ್ಲಗೆ ಹಾಡಿದರೂ ಕೇಳುತ್ತದೆ" ಎಂಬುದು. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಹೊರಗಿನ ಸದ್ದನ್ನು ತಡೆಯಲು ಎರಡು ದಾರಿ. ಒಂದು, ಬಾಗಿಲು ಮುಚ್ಚುವುದು. ರಬ್ಬರಿನ ತುದಿ ಇರುವ ಇಯರ್‌ಫೋನ್ ಕಿವಿಯೊಳಗೆ ಸರಿಯಾಗಿ ಕೂತರೆ ಅದೇ ಒಂದು ಬಾಗಿಲು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆಯ ತುದಿ ಕೊಡುತ್ತಾರೆ. ಹೆಚ್ಚಿನವರು ಮಧ್ಯಮದ್ದನ್ನು ಹಾಗೆಯೇ ಹಾಕಿಕೊಂಡು ಉಳಿದದ್ದನ್ನು ಮೇಜಿನ ಡ್ರಾಯರಿಗೆ ಎಸೆಯುತ್ತಾರೆ. ಎರಡು ಕಿವಿಯ ಅಳತೆ ಬೇರೆ ಬೇರೆ ಇರಬಹುದು. ನಮ್ಮಲ್ಲೊಬ್ಬನಿಗೆ ಬಲಕ್ಕೆ ಸಣ್ಣದು, ಎಡಕ್ಕೆ ಮಧ್ಯಮದ್ದು. ಸರಿಯಾಗಿ ಕೂರದಿದ್ದರೆ ಹೊರಗಿನ ಸದ್ದು ಒಳಬರುತ್ತದೆ, ಒಳಗಿನ ತಗ್ಗು ಸ್ವರ ಸೋರಿಹೋಗುತ್ತದೆ. "ಇದಕ್ಕೆ ಬೇಸ್ ಇಲ್ಲ" ಎಂದು ಬೈಸಿಕೊಳ್ಳುವ ಎಷ್ಟೋ ಇಯರ್‌ಫೋನುಗಳಿಗೆ ಬೇಕಾದದ್ದು ಬರೀ ಬೇರೆ ತುದಿ.

ಎರಡನೆಯ ದಾರಿ, ಸದ್ದಿಗೆ ಸದ್ದನ್ನೇ ಎದುರು ನಿಲ್ಲಿಸುವುದು. ಇದನ್ನು ನಾಯ್ಸ್ ಕ್ಯಾನ್ಸಲಿಂಗ್ ಎನ್ನುತ್ತಾರೆ. ಹೊರಗಿನ ಸದ್ದನ್ನು ಒಂದು ಪುಟ್ಟ ಮೈಕ್ ಹಿಡಿಯುತ್ತದೆ, ಅದರ ತಲೆಕೆಳಗಾದ ಅಲೆಯನ್ನು ಯಂತ್ರ ಕಿವಿಯೊಳಗೆ ಬಿಡುತ್ತದೆ, ಎರಡೂ ಸೇರಿ ತಣ್ಣಗಾಗುತ್ತವೆ. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್ ಇದರ ಲೆಕ್ಕಾಚಾರವನ್ನು 1978ರಲ್ಲಿ ಜ್ಯೂರಿಕ್‌ನಿಂದ ಹಿಂದಿರುಗುವ ವಿಮಾನದಲ್ಲೇ ಶುರುಮಾಡಿದ್ದರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಸದ್ದಿಗೆ ಹಾಡು ಕೇಳಿಸಲಿಲ್ಲವಂತೆ. ಅವರ ಕಂಪನಿ ವಿಮಾನ ಚಾಲಕರಿಗೆ ಅದನ್ನು ಮಾರಾಟಕ್ಕೆ ತಂದದ್ದು 1989ರಲ್ಲಿ. ನಮ್ಮ ಬಸ್ಸಿನ ಸಂಕಟವೂ ಅದೇ ಜಾತಿಯದು.

ಆದರೆ ಇದು ಎಲ್ಲ ಸದ್ದಿಗೂ ಮದ್ದಲ್ಲ. ಎಂಜಿನ್ನಿನ ಗುಂಯ್ ಎನ್ನುವಂಥ ಒಂದೇ ಸಮನೆಯ ತಗ್ಗು ಸದ್ದನ್ನು ಚೆನ್ನಾಗಿ ಇಳಿಸುತ್ತದೆ. ಹಾರ್ನ್, ಮಗುವಿನ ಅಳು, ಹಿಂದಿನ ಸೀಟಿನವರ ಮಾತು ಅಷ್ಟಾಗಿ ಇಳಿಯುವುದಿಲ್ಲ. ಇನ್ನೊಂದು ಸಂಗತಿ: ನಮ್ಮ ಸಾಮಾನ್ಯ ದರ್ಜೆಯ ಬೋಗಿಯಲ್ಲಿ ತೆರೆದ ಕಿಟಕಿಯ ಪಕ್ಕ ಕೂತರೆ ಗಾಳಿ ನೇರವಾಗಿ ಆ ಪುಟ್ಟ ಮೈಕಿಗೆ ಬಡಿದು ಪಟಪಟ ಸದ್ದು ಏಳುತ್ತದೆ. ದುಬಾರಿ ಹಣ ಕೊಟ್ಟವರು ಕಿಟಕಿ ಬಿಟ್ಟು ಒಳಗಿನ ಸೀಟಿಗೆ ಸರಿಯಬೇಕು!

ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ನೋಡಲು ಚಂದ, ಕೇಳಲೂ ಚಂದ. ನಮ್ಮ ಕರಾವಳಿಯ ಸೆಕೆಗೆ ಮಾತ್ರ ಕಷ್ಟ. ಏಪ್ರಿಲ್ ತಿಂಗಳಲ್ಲಿ ಉಪ್ಪಳ ದಾಟುವ ಮೊದಲೇ ಕಿವಿ ಬೆವರುತ್ತದೆ. ಬೆವರಿಗೆ ಅದರ ಕೃತಕ ಚರ್ಮ ಸುಲಿಯುತ್ತದೆ. ಮಳೆಗಾಲದ ಕತೆ ಬೇರೆ. ಜೂನ್ ತಿಂಗಳಲ್ಲಿ ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಕೊಡೆ ಹಿಡಿದು ನಡೆಯುವವರು ಪೆಟ್ಟಿಗೆಯ ಮೇಲೆ ಐಪಿಎಕ್ಸ್4 ಎಂದು ಬರೆದಿದೆಯೇ ನೋಡಿ. ನಾಲ್ಕೂ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ ಎಂದು ಅದರ ಅರ್ಥ. ನೀರಿನಲ್ಲಿ ಮುಳುಗಿಸಬಹುದು ಎಂದು ಅರ್ಥವಲ್ಲ.

ವಯರ್ ಬೇಕೋ ಬೇಡವೋ? ಇಲ್ಲಿ ನಮ್ಮಲ್ಲೇ ಎರಡು ಪಕ್ಷ. ವಯರ್ ಇದ್ದರೆ ಚಾರ್ಜ್ ಮಾಡುವ ಗೋಜಿಲ್ಲ, ಬೆಲೆ ಕಡಿಮೆ, ಒಂದು ಬದಿ ರೈಲಿನ ಸೀಟಿನ ಕೆಳಗೆ ಉರುಳಿ ಹೋಗುವುದಿಲ್ಲ. ವಯರ್ ಇಲ್ಲದ್ದರ ಸುಖ ನಿಂತು ಹೋಗುವವರಿಗೆ ಗೊತ್ತು. ತುಂಬಿದ ಬಸ್ಸಿನಲ್ಲಿ ಪಕ್ಕದವರ ಬ್ಯಾಗಿನ ಜಿಪ್ಪಿಗೆ ವಯರ್ ಸಿಕ್ಕಿದರೆ ಕಿವಿಯೇ ಕಿತ್ತು ಬಂದ ಹಾಗೆ ಆಗುತ್ತದೆ. ಆದರೆ ಅದರೊಳಗಿನ ಪುಟ್ಟ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಹೆಚ್ಚಿನವುಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಎಲ್‌ಡಿಎಸಿ, ಎಎಸಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಅಕ್ಷರಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಫೋನಿನಲ್ಲೂ ಅದೇ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಓಡುವ ಬಸ್ಸಿನಲ್ಲಿ ಅದರ ವ್ಯತ್ಯಾಸ ಗುರುತಿಸಲು ನಮ್ಮ ಐವರಲ್ಲಿ ಒಬ್ಬರಿಗೂ ಆಗಲಿಲ್ಲ.

ಇನ್ನು ಅಂಗಡಿಯ ವಿಷಯ. ಅಂಗಡಿಯವರು ಕೇಳಿಸುವುದು ಹೆಚ್ಚಾಗಿ ಒಂದೇ ಬಗೆಯ ಹಾಡು, ಎದೆ ನಡುಗಿಸುವ ಬೇಸ್ ಇರುವಂಥದ್ದು. ಅದು ಎಂಥ ಹೆಡ್‌ಫೋನಿನಲ್ಲೂ ಖುಷಿ ಕೊಡುತ್ತದೆ. ನಾವು ನಮ್ಮದೇ ನಾಲ್ಕು ಹಾಡುಗಳನ್ನು ಫೋನಿನಲ್ಲಿ ಇಟ್ಟುಕೊಂಡು ಹೋದೆವು.

ಮೊದಲನೆಯದು ಯಕ್ಷಗಾನ. ಭಾಗವತರು ಮೆಲ್ಲನೆ ಎತ್ತಿಕೊಳ್ಳುವ ಪದ್ಯ, ಆಮೇಲೆ ಒಮ್ಮೆಲೇ ಚೆಂಡೆ. ಮೆಲ್ಲಗಿನ ಭಾಗ ಕೇಳಲೆಂದು ವಾಲ್ಯೂಮ್ ಏರಿಸಬೇಕಾದ ಹೆಡ್‌ಫೋನ್ ಆದರೆ ಚೆಂಡೆಯ ಮೊದಲ ಪೆಟ್ಟು ನೇರ ಕಿವಿಗೇ ಬೀಳುತ್ತದೆ. ಹೊರಸದ್ದನ್ನು ಚೆನ್ನಾಗಿ ತಡೆಯುವುದರಲ್ಲಿ ಎರಡನ್ನೂ ಒಂದೇ ವಾಲ್ಯೂಮಿನಲ್ಲಿ ಕೇಳಬಹುದು. ಎರಡನೆಯದು ನಮ್ಮ ಮಂಡಳಿಯ ರೆಕಾರ್ಡಿಂಗ್. ಅದರಲ್ಲಿ ಆಲ್ಟೊ ಭಾಗವನ್ನು ಬಿಡಿಸಿ ಕೇಳಲು ಆಗುತ್ತದೆಯೇ? ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ನಡುವಿನ ಸ್ವರಗಳು ಕೆಸರಿನಲ್ಲಿ ಹೂತ ಹಾಗೆ ಕೇಳುತ್ತವೆ. ಮೂರನೆಯದು 1960ರ ದಶಕದ ಒಂದು ಚಿತ್ರಗೀತೆ. ಹಳೆಯ ರೆಕಾರ್ಡಿಂಗಿನ ಹಿಸ್ ಎನ್ನುವ ಸದ್ದನ್ನೂ ಸ, ಶ ಅಕ್ಷರಗಳನ್ನೂ ಕೆಲವು ಹೆಡ್‌ಫೋನುಗಳು ಸೂಜಿಯಂತೆ ಚುಚ್ಚಿಸುತ್ತವೆ. ನಾಲ್ಕನೆಯದು ಹಾಡಲ್ಲ, ತಾಳಮದ್ದಳೆಯ ಅರ್ಥಗಾರಿಕೆ. ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳಿದರೆ ಆ ಹೆಡ್‌ಫೋನನ್ನು ನಂಬಬಹುದು.

ಒಂದು ಎಚ್ಚರಿಕೆ. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಸ್ವಲ್ಪ ಜೋರಾದದ್ದೇ ಚಂದ ಎಂದು ನಮ್ಮ ಕಿವಿ ತೀರ್ಪು ಕೊಟ್ಟುಬಿಡುತ್ತದೆ. 20ರಿಂದ 20,000 ಹರ್ಟ್ಸ್ ಎಂಬ ಬರಹವನ್ನೂ ನಂಬಿಕೊಂಡು ಕೂರಬೇಡಿ. ಅಗ್ಗದ್ದರ ಮೇಲೂ ದುಬಾರಿಯದರ ಮೇಲೂ ಅದು ಇದ್ದೇ ಇರುತ್ತದೆ.

ಕೊನೆಗೆ ಯಾರು ಏನು ಕೊಂಡರು? ಇಬ್ಬರು 700 ರೂಪಾಯಿಯ ಒಳಗಿನ ವಯರ್ ಇಯರ್‌ಫೋನ್ ಕೊಂಡರು. ನಾಲ್ಕು ಹಾಡಿನ ಪರೀಕ್ಷೆಯಲ್ಲಿ ಅದು ಮೂರು ಪಟ್ಟು ಬೆಲೆಯ ಒಂದನ್ನು ಸೋಲಿಸಿತು. ನಿಂತು ಪ್ರಯಾಣ ಮಾಡುವ ಇಬ್ಬರು ವಯರ್ ಇಲ್ಲದ, ರಬ್ಬರ್ ತುದಿಯ ಇಯರ್‌ಬಡ್ ಆರಿಸಿದರು. ನಮ್ಮ ಆಲ್ಟೊ ಗೆಳತಿ ತನ್ನ ಉಳಿತಾಯದ ಹಣದಲ್ಲಿ 4,500 ರೂಪಾಯಿಯ, ನಾಯ್ಸ್ ಕ್ಯಾನ್ಸಲಿಂಗ್ ಇರುವ ದೊಡ್ಡ ಹೆಡ್‌ಫೋನನ್ನೇ ಕೊಂಡಳು. ಸೆಕೆ ತಡೆದುಕೊಳ್ಳುತ್ತೇನೆ, ಸದ್ದು ತಡೆದುಕೊಳ್ಳಲಾರೆ ಎಂದಳು. ಈಗ ಅವಳ ವಾಲ್ಯೂಮು ಅರ್ಧಕ್ಕಿಂತ ಕೆಳಗಿರುತ್ತದೆ.

ಅವಳಿಂದ ನಮಗೆ ಗೊತ್ತಾದ ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಸ್ಟೀರಿಯೊ ಹಾಡಿನಲ್ಲಿ ಎಡಕ್ಕೆ ಒಂದು ವಾದ್ಯ, ಬಲಕ್ಕೆ ಇನ್ನೊಂದು ಹಂಚಿರುತ್ತದೆ. ಒಂದೇ ಕಿವಿ ಕೇಳುವವರಿಗೆ ಹಾಡಿನ ಒಂದು ಪಾಲು ಸಿಗುವುದೇ ಇಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗಕ್ಕೆ ಹೋದರೆ ಮೋನೋ ಆಡಿಯೊ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಎರಡೂ ಬದಿಯ ಸ್ವರ ಸೇರಿ ಎರಡೂ ಕಡೆಗೆ ಬರುತ್ತದೆ. ಕಾಸು ಖರ್ಚಿಲ್ಲ. ಅವಳು ಅದನ್ನು ಹಾಕಿದ ದಿನ ವರ್ಷಗಳಿಂದ ಕೇಳುತ್ತಿದ್ದ ಒಂದು ಹಾಡಿನಲ್ಲಿ ಕೊಳಲು ಇದೆಯೆಂದು ಮೊದಲ ಬಾರಿ ಗೊತ್ತಾಗಿ ಉಪ್ಪಳದಿಂದ ಉಳ್ಳಾಲದ ತನಕ ಅದೇ ಹಾಡನ್ನು ಮತ್ತೆ ಮತ್ತೆ ಹಾಕಿದಳು. ನಿಮ್ಮ ಮನೆಯಲ್ಲಿ ಒಂದು ಕಿವಿ ಮಂದವಾದ ಅಜ್ಜ ಅಜ್ಜಿ ಇದ್ದರೆ ಇವತ್ತೇ ಅವರ ಫೋನಿನಲ್ಲಿ ಹಾಕಿಕೊಡಿ. ಒಂದೇ ಇಯರ್‌ಫೋನನ್ನು ಇಬ್ಬರು ಒಂದೊಂದು ಕಿವಿಗೆ ಹಂಚಿಕೊಳ್ಳುವ ಗೆಳೆಯರಿಗೂ ಇದು ಉಪಯೋಗ. ಇಲ್ಲದಿದ್ದರೆ ಇಬ್ಬರಿಗೂ ಅರ್ಧರ್ಧ ಹಾಡು.

ಇಲ್ಲಿಗೆ ಹೆಡ್‌ಫೋನಿನ ಮಾತು ಮುಗಿದರೂ ನಮ್ಮ ಮಾತು ಮುಗಿಯಲಿಲ್ಲ. ಸದ್ದನ್ನು ಚೆನ್ನಾಗಿ ತಡೆಯುವುದನ್ನು ಆರಿಸಿದರೆ ಕಿವಿ ಉಳಿಯುತ್ತದೆ. ಆದರೆ ಅದು ಬೇಡದ ಸದ್ದನ್ನೂ ಬೇಕಾದ ಸದ್ದನ್ನೂ ಒಟ್ಟಿಗೇ ತಡೆಯುತ್ತದೆ. ಕಂಡಕ್ಟರ್ ಕರೆದದ್ದು, "ಸ್ವಲ್ಪ ಸರಿಯುತ್ತೀರಾ ಮಗಾ" ಎಂದು ಅಜ್ಜಿ ಕೇಳಿದ್ದು, ಹಿಂದಿನಿಂದ ಬರುವ ರೈಲಿನ ಸೀಟಿ, ಎಲ್ಲವೂ ಹೊರಗೇ ಉಳಿಯುತ್ತವೆ. ನಮ್ಮ ಊರುಗಳಲ್ಲಿ ಹಳಿ ದಾಟಿ ಮನೆಗೆ ಹೋಗುವವರು ಎಷ್ಟು ಮಂದಿ ಎಂದು ನಿಮಗೆ ಗೊತ್ತು. ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಕಿವಿ ಮುಚ್ಚಿಕೊಂಡು ನಡೆದರೆ ಕಾಯ್ದೆಯ ಮಾತು ಆಡಲು ಯಾರೂ ಉಳಿಯುವುದಿಲ್ಲ. ವಿದ್ಯುತ್ ಎಂಜಿನ್ನಿನ ರೈಲು ಹತ್ತಿರ ಬರುವ ತನಕ ಸದ್ದು ಮಾಡುವುದು ಕಡಿಮೆ. ಒಂದೇ ಕಿವಿಯವರಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದೂ ತಿಳಿಯುವುದಿಲ್ಲ.

1979ರ ಜುಲೈ ತಿಂಗಳಲ್ಲಿ ಸೋನಿ ಕಂಪನಿ ಮೊದಲ ವಾಕ್‌ಮನ್ ತಂದಾಗ ಅದರಲ್ಲಿ ಹೆಡ್‌ಫೋನ್ ಚುಚ್ಚಲು ಎರಡು ರಂಧ್ರಗಳಿದ್ದವು, ಇಬ್ಬರು ಕೇಳಲಿ ಎಂದು. ಒಂದು ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಹಾಡು ತಗ್ಗಿ, ಒಂದು ಪುಟ್ಟ ಮೈಕಿನ ಮೂಲಕ ಪಕ್ಕದವರ ಮಾತು ಕೇಳಿಸುತ್ತಿತ್ತು. ಒಬ್ಬರೇ ಕಿವಿ ಮುಚ್ಚಿ ಕೂರುವುದು ಜನರಿಗೆ ಅಸಭ್ಯವೆನಿಸೀತು ಎಂಬ ಅಳುಕು ಕಂಪನಿಯ ಅಕಿಯೊ ಮೊರಿಟಾ ಅವರಿಗೆ ಇತ್ತು. ಮುಂದೆ ಬಂದ ಮಾದರಿಗಳಲ್ಲಿ ಆ ಗುಂಡಿ ಉಳಿಯಲಿಲ್ಲ. ಈಗ ಅದೇ ಕೆಲಸ ಟ್ರಾನ್ಸ್‌ಪರೆನ್ಸಿ ಎಂಬ ಹೆಸರಿನಲ್ಲಿ ಕೆಲವು ಇಯರ್‌ಬಡ್‌ಗಳಲ್ಲಿ ಮರಳಿ ಬಂದಿದೆ. ಎಲ್ಲರ ಹತ್ತಿರ ಅದು ಇರುವುದಿಲ್ಲ. ಆದ್ದರಿಂದ ನಾವು ನಮ್ಮದೇ ಒಂದು ಗುಂಡಿ ಮಾಡಿಕೊಂಡಿದ್ದೇವೆ.

ಅದಕ್ಕೆ "ಕಾವಲು ಕಿವಿ" ಎಂದು ಹೆಸರು. ಐವರಲ್ಲಿ ದಿನಕ್ಕೊಬ್ಬರು ಹೆಡ್‌ಫೋನ್ ಹಾಕುವುದಿಲ್ಲ. ಆ ದಿನ ಸ್ಟೇಷನ್ ಬಂದದ್ದನ್ನು ಹೇಳುವವರು, ಸೀಟು ಬೇಕಾದವರನ್ನು ನೋಡುವವರು, ಕರೆದವರಿಗೆ ಓಗೊಡುವವರು ಅವರೇ. ಉಳಿದ ನಾಲ್ವರು ನಿಶ್ಚಿಂತೆಯಿಂದ ಮೆಲ್ಲನೆಯ ಹಾಡಿನಲ್ಲಿ ಮುಳುಗಬಹುದು. ಇಳಿದ ಮೇಲೆ, ಹಳಿಯ ಹತ್ತಿರ, ರಸ್ತೆ ಬದಿಯಲ್ಲಿ ಐವರ ಕಿವಿಯೂ ಖಾಲಿ. ಇದು ಕಡ್ಡಾಯ. ಆರು ದಿನಕ್ಕೆ ಐದು ಜನ ಆದ್ದರಿಂದ ಒಬ್ಬರಿಗೆ ವಾರದಲ್ಲಿ ಎರಡು ಸಲ ಪಾಳಿ ಬರುತ್ತದೆ, ಅದಕ್ಕೊಂದು ಜಗಳವೂ ಉಂಟು. ಆದರೆ ಕಾವಲಿನ ದಿನ ಸಿಗುವ ಮಾತುಗಳನ್ನು ಉಳಿದವರಿಗೆ ಹೇಳುವ ಖುಷಿ ಬೇರೆ. ಮೀನಿನ ಬುಟ್ಟಿಯವರು, ಆಸ್ಪತ್ರೆಗೆ ಹೊರಟವರು, ಇಂಟರ್‌ವ್ಯೂಗೆ ಹೊರಟ ಹುಡುಗಿ, ಎಲ್ಲರೂ ಆ ದಿನ ಪರಿಚಯವಾಗುತ್ತಾರೆ.

ಆದ್ದರಿಂದ ತಮ್ಮ ತಂಗಿಯರೇ, ಹೆಡ್‌ಫೋನ್ ಕೊಳ್ಳಿ, ಬೇಡ ಎನ್ನುವುದಿಲ್ಲ. ನಿಮ್ಮ ನಾಲ್ಕು ಹಾಡುಗಳನ್ನು ಹಿಡಿದುಕೊಂಡು ಹೋಗಿ ಕೇಳಿ ಕೊಳ್ಳಿ. ಮೆಲ್ಲಗೆ ಹಾಡಿದರೂ ಕೇಳುವಂಥದ್ದನ್ನು ಆರಿಸಿ. ವಾಲ್ಯೂಮ್ ನೂರಕ್ಕೆ ಅರುವತ್ತನ್ನು ದಾಟದಿರಲಿ. ನಿಮ್ಮ ಗುಂಪಿನಲ್ಲೂ ಒಬ್ಬ ಕಾವಲು ಕಿವಿಯವರನ್ನು ನೇಮಿಸಿ. ನಮ್ಮ ಬೋಗಿಗೆ ಬರುವುದಾದರೆ ಆರನೆಯವರಿಗೆ ಜಾಗ ಉಂಟು. ಪಾಳಿಯ ಲೆಕ್ಕವೂ ಸರಿಹೋಗುತ್ತದೆ.